ಕಿಟಕಿ ಮುಚ್ಚಿದ ಅಜ್ಜಿಯ ಪಾಠ

ಅವತ್ತು ಮಾಡಿದ ಕೆಲಸಗಳನ್ನು ಮೊದಲು ಬರೆದುಬಿಡುತ್ತೇನೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಂಡೆ ತುಂಬಿಸಿ ಬಚ್ಚಲ ಒಲೆ ಹೊತ್ತಿಸಿದೆ. ಮನೆಯವರಿಗೆ ಚಿತ್ರಾನ್ನ ಕಲಸಿ, ಡಬ್ಬಿ ಕಟ್ಟಿ, ಕೊರಟಗೆರೆ ಬಸ್ಸಿಗೆ ಕಳಿಸಿದೆ. ಮೆಣಸು, ಬೆಳ್ಳುಳ್ಳಿ ಹುರಿದು ಬಾಣಂತಿಗೆ ಖಾರ ಕುಟ್ಟಿದೆ. ಮಗುವಿನ ಬಟ್ಟೆ ಒಗೆದು ತಾರಸಿ ಮೇಲೆ ಹರವಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿದುಕಿ, ಸಿಪ್ಪೆ ಬೇರೆ ಬೇಳೆ ಬೇರೆ ಮಾಡುತ್ತಾ ಕೂತೆ. ಬೀದಿ ತುದಿಯ ಇಸ್ತ್ರಿ ಅಂಗಡಿಯಿಂದ ಇನ್ನೊಂದು ಚೀಲ ಇದ್ದಿಲು ತಂದೆ.

ಇದ್ದಿಲು ತಂದದ್ದು ಅವರೆಕಾಳಿಗಿಂತ ಮುಂಚೆ. ಬರೆಯುವಾಗ ಕೈ ಅದನ್ನು ಕೊನೆಗೆ ತಳ್ಳಿತು.

ನಮ್ಮದು ಮಧುಗಿರಿಯಲ್ಲಿ ಸಣ್ಣದೊಂದು ಆರ್‌ಸಿಸಿ ಮನೆ. ಮನೆಯವರು ಕೊರಟಗೆರೆಯ ಒಂದು ಕಚೇರಿಯಲ್ಲಿ ಅಟೆಂಡರ್. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳನ್ನು ಶಿರಾ ತಾಲ್ಲೂಕಿನ ಗೌಡಗೆರೆ ಕಡೆಗೆ ಕೊಟ್ಟಿದ್ದೇವೆ. ಆ ಚಳಿಗಾಲ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಮಗು. ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಚಿಕ್ಕವಳು ದ್ವಿತೀಯ ಪಿಯುಸಿ ಓದುತ್ತಿದ್ದಳು.

ಬಾಣಂತನ ಮಾಡಲು ನನ್ನ ಅಕ್ಕ ಬಂದಿದ್ದಳು. ಅವಳದು ಪಾವಗಡ ತಾಲ್ಲೂಕು, ಕ್ಯಾತಗಾನಚೆರ್ಲು ಪಕ್ಕದ ಊರು. ಹೊಲವನ್ನೆಲ್ಲ ಸೋಲಾರಿಗೆ ಗುತ್ತಿಗೆ ಕೊಟ್ಟ ಮೇಲೆ ಅವಳ ಕೈಗೆ ಕೆಲಸ ಇಲ್ಲದಂತಾಗಿ, ನೆಂಟರಿಷ್ಟರ ಬಾಣಂತನಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಬಂದ ದಿನವೇ ಚೀಲ ಕೆಳಗಿಟ್ಟು ಅಂದಳು:

"ಹೊಲ್ದಾಗೆ ಈಗ ಗಾಜು ಬೆಳೀತೈತೆ ಕಣಮ್ಮ. ಕಳೆ ಕೀಳೋ ಕೆಲ್ಸಾನೂ ಇಲ್ಲ, ಕಾಯೋ ಕೆಲ್ಸಾನೂ ಇಲ್ಲ. ನಿನ್ ಮಗಳ ಮೈನ ನನಗೆ ಬುಟ್ಬುಡು. ನೀನು ಒಲೆ ನೋಡ್ಕೋ."

ಬಿಟ್ಟುಬಿಟ್ಟೆ. ಅಕ್ಕನ ಕೈಯಲ್ಲಿ ನೀರು ಹಾಕಿಸಿಕೊಂಡ ಬಾಣಂತಿಯರು ಎಷ್ಟೋ ಜನ. ಎಲ್ಲರೂ ಗಟ್ಟಿಮುಟ್ಟಾಗಿ ಎದ್ದು ಓಡಾಡುತ್ತಿದ್ದಾರೆ. ನಾನೂ ಅವಳ ಕೈಯಲ್ಲೇ ಎದ್ದವಳು.

ಇನ್ನು ಚಿಕ್ಕವಳ ಓದಿನ ವಿಷಯ ಹೇಳಬೇಕು. ಅವಳ ಇಂಗ್ಲಿಷ್ ಮೇಷ್ಟ್ರು ಆ ವರ್ಷ ಮಕ್ಕಳ ಮೊಬೈಲಿಗೆ ಒಂದು ಕಟ್ಟು ಪಾಠ ಕಳಿಸಿದ್ದರು. ಚೀನಾ ದೇಶದ ಹೈಸ್ಕೂಲು ಮಕ್ಕಳು ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲಿ ಎಂದು ತಯಾರಿಸಿದ ಪಾಠಗಳು ಅವು. ಒಂದು ಪುಟದಷ್ಟು ಕಥೆ, ಕೆಳಗೆ ನಾಲ್ಕೈದು ಪ್ರಶ್ನೆ, ಪ್ರತಿ ಪ್ರಶ್ನೆಗೆ ಆರಿಸಿಕೊಳ್ಳಲು ನಾಲ್ಕು ಉತ್ತರ. ನಮ್ಮ ಮಕ್ಕಳ ರೂಢಿಯೇ ಬೇರೆ. ಪ್ರಶ್ನೆಯಲ್ಲಿರುವ ಪದ ಪಾಠದ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ಹುಡುಕುವುದು, ಸಿಕ್ಕ ಸಾಲನ್ನು ಹಾಗೇ ಇಳಿಸುವುದು. ಪಾಠದಲ್ಲಿ ಏನಿತ್ತು ಎಂದು ಕೇಳಿದರೆ ಗೊತ್ತಿರುವುದಿಲ್ಲ, ಅಂಕ ಮಾತ್ರ ಬಂದಿರುತ್ತದೆ. ಚೀನಾದವರ ಪ್ರಶ್ನೆಗಳ ಮುಂದೆ ಆ ಆಟ ನಡೆಯುತ್ತಿರಲಿಲ್ಲ. ಉತ್ತರಗಳಲ್ಲಿ ಪಾಠದ ಪದಗಳೇ ಇರುತ್ತಿರಲಿಲ್ಲ. ಅದಕ್ಕೇ ಮೇಷ್ಟ್ರು ಅವನ್ನು ಆರಿಸಿದ್ದಂತೆ. ಜೊತೆಗೆ ಒಂದು ನಿಯಮ ಮಾಡಿದ್ದರು: ಓದಿದ ಮೇಲೆ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಬೇಕು. ಕೇಳುವವರು ಕೈಯಲ್ಲಿ ಏನಾದರೂ ಕೆಲಸ ಮಾಡುತ್ತಿರಬೇಕು. ಕೆಲಸ ನಿಲ್ಲಿಸಿ ನಿಮ್ಮ ಮುಖ ನೋಡಿದರೆ ನಿಮಗೆ ಅರ್ಥವಾಗಿದೆ ಅಂತ ತಿಳಿಯಿರಿ, ಅಂದಿದ್ದರಂತೆ.

ಹಾಗಾಗಿ ಆ ಚಳಿಗಾಲದ ಸಂಜೆಗಳಲ್ಲಿ ನಾನು ಅವರೆಕಾಳು ಹಿದುಕುತ್ತಾ, ಇಲ್ಲವೇ ಬೀಗರು ಕಳಿಸಿದ ಕಡಲೆಕಾಯಿ ಬಿಡಿಸುತ್ತಾ ಚೀನಾದ ಮಕ್ಕಳ ಕಥೆಗಳನ್ನು ಕೇಳಿದೆ. ಮರಳುಗಾಡಿನಲ್ಲಿ ಗಿಡ ನೆಟ್ಟ ಮುದುಕ. ಬಸ್ಸಿನಲ್ಲಿ ಕೊಡೆ ಬಿಟ್ಟುಬಂದ ಹುಡುಗ. ಎಲ್ಲರೆದುರು ಮಾತಾಡಲು ನಡುಗುವ ಹುಡುಗಿ. ಅಕ್ಕ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಕೇಳುತ್ತಿದ್ದಳು.

"ಅಲ್ಲೂ ಹುಡುಗ್ರು ಬೆಳಗ್ಗೆ ಏಳಲ್ವೇನೇ?" ಅಂತ ಕೇಳಿದಳು ಒಂದು ದಿನ.

"ಏಳಲ್ಲ ದೊಡ್ಡಮ್ಮ. ಅವರಮ್ಮನೂ ಬೈತಾಳೆ."

"ಅಂಗಾದ್ರೆ ಒಳ್ಳೇ ಜನಾನೇ ಬುಡು."

ಅಜ್ಜಿಯ ಪಾಠ ಬಂದದ್ದು ಹೀಗೇ ಒಂದು ಸಂಜೆ. ಒಬ್ಬ ಹುಡುಗ ರಜೆಗೆ ಹಳ್ಳಿಯ ಅಜ್ಜಿ ಮನೆಗೆ ಹೋಗುತ್ತಾನೆ. ಹಿಮ ಬೀಳುವ ಚಳಿ. ಅಜ್ಜಿ ಅವನು ಮಲಗುವ ಕೋಣೆಯಲ್ಲಿ ಬೋಗುಣಿ ತುಂಬ ಇದ್ದಿಲ ಕೆಂಡ ಇಡುತ್ತಾಳೆ. ಕಿಟಕಿ ಮುಚ್ಚಿ, ಸಂದಿಗೆಲ್ಲ ಬಟ್ಟೆ ತುರುಕುತ್ತಾಳೆ. ಬೆಳಗ್ಗೆ ಹುಡುಗನಿಗೆ ತಲೆನೋವು. ಅಂಗಳಕ್ಕೆ ಹೋದರೆ ಸರಿಹೋಗುತ್ತದೆ, ಒಳಗೆ ಬಂದರೆ ಮತ್ತೆ ಬರುತ್ತದೆ. ಅಜ್ಜಿ ಶೀತವೆಂದುಕೊಂಡು ಇನ್ನಷ್ಟು ಇದ್ದಿಲು ಹಾಕುತ್ತಾಳೆ. ಕೊನೆಗೆ ಪಕ್ಕದ ಮನೆಯವಳು ಬಂದು ಬಾಗಿಲು ತಳ್ಳಿ ಕಿಟಕಿ ತೆರೆಯುತ್ತಾಳೆ. ಇದ್ದಿಲಿನಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬಂದದ್ದೇ ಗೊತ್ತಾಗುವುದಿಲ್ಲ ಎಂದು ನಡುವೆ ಒಂದು ಸಾಲು.

ಕೊನೆಯ ಪ್ರಶ್ನೆ, ಅಜ್ಜಿ ಎಂಥವಳು ಅಂತ. ಬೇಜವಾಬ್ದಾರಿಯವಳು, ಜಿಪುಣಿ, ಹಟದವಳು, ಪ್ರೀತಿ ಇದ್ದೂ ತಿಳಿವಳಿಕೆ ಇಲ್ಲದವಳು. ಚಿಕ್ಕವಳು ಮೊದಲನೆಯದಕ್ಕೆ ಗುರುತು ಹಾಕಿದಳು.

"ಅಲ್ಲ ಕಣೇ," ಅಂದೆ ನಾನು. "ಮೊಮ್ಮಗ ಬಂದವ್ನೆ, ಚಳಿ ಐತೆ, ಅವಳು ಇನ್ನೇನು ಮಾಡ್ಬೇಕಿತ್ತು? ಕೊನೇದು ಹಾಕು."

ಉತ್ತರದ ಪುಟ ನೋಡಿದರೆ ನಾನು ಹೇಳಿದ್ದೇ ಸರಿ ಇತ್ತು. ಚಿಕ್ಕವಳು ಮುಖ ಗಂಟು ಹಾಕಿಕೊಂಡಳು. ಅಕ್ಕ ಮಾತ್ರ ಕಥೆಯನ್ನೇ ನಂಬಲಿಲ್ಲ.

"ಇದ್ಲಲ್ಲಿ ಏನೇ ವಿಷ ಇರ್ತದೆ? ಅವರ ದೇಶದ ಇದ್ಲೇ ಕೆಟ್ಟದ್ದಿರ್ಬೇಕು. ಚೀನಾ ಮಾಲು ಅಂದ್ರೆ ಅಂಗೇ. ನಮ್ ಸೋಲಾರ್ ನೋರು ದಿನಾ ಬೈಕೊಂತಾ ಇರ್ತಾರೆ."

ಮೂವರೂ ನಕ್ಕೆವು. ಅಷ್ಟು ಚೆನ್ನಾಗಿ ನಕ್ಕದ್ದು ನೆನಪಿದೆ. ಕೈಯ ಕೆಲಸವನ್ನೂ ನಿಲ್ಲಿಸಿದ್ದೆ ನಾನು.

ಆಗ ಬಾಣಂತಿ ಕೋಣೆಯಲ್ಲಿ ಬೆಂಕಿ ಇತ್ತೇ ಎಂದು ಕೇಳಿದರೆ, ಇತ್ತು. ನಮ್ಮ ಕಡೆ ಇಡದವರು ಯಾರು? ನೀರು ಹಾಕಿದ ಮೇಲೆ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಸರಿಸಿ, ಸಾಂಬ್ರಾಣಿ ಉದುರಿಸಿ ಹೊದಿಸಿ ಮಲಗಿಸುವುದು. ಆದರೆ ಮೊದಲು ಅದು ಬಚ್ಚಲ ಒಲೆಯ ಕಟ್ಟಿಗೆ ಕೆಂಡ. ಅದರ ಹೊಗೆ ತಾಳದೆ ಕಿಟಕಿಯನ್ನು ಒಂದಿಷ್ಟು ತೆರೆದೇ ಇಡುತ್ತಿದ್ದೆವು. ಹೊಗೆಗೆ ಮಗು ಸೀನತೊಡಗಿತು. ಮೂಗು ಕಟ್ಟಿತು. ಇಸ್ತ್ರಿಯವರ ಇದ್ದಿಲಾದರೆ ಹೊಗೆಯೇ ಬರುವುದಿಲ್ಲ ಎಂದು ಹೊಳೆದದ್ದು ಅಕ್ಕನಿಗೆ. ತಂದದ್ದು ನಾನು. ಹೊಗೆ ಇಲ್ಲವೆಂದ ಮೇಲೆ ಕಿಟಕಿ ಯಾಕೆ ತೆರೆದಿರಬೇಕು? ಆ ವಾರ ಬೆಟ್ಟದ ಕಡೆಯಿಂದ ಗಾಳಿ ಬೇರೆ ಬೀಸುತ್ತಿತ್ತು. ಅಲ್ಯೂಮಿನಿಯಂ ಕಿಟಕಿಯನ್ನು ಪೂರ್ತಿ ಎಳೆದು, ಮೇಲೆ ಗೋಣಿಚೀಲ ಇಳಿಬಿಟ್ಟೆವು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಮಡಿಸಿಟ್ಟೆವು.

ನಾವು ಹುಟ್ಟಿದ್ದು ಮಾಳಿಗೆ ಮನೆಯಲ್ಲಿ. ಮಣ್ಣಿನ ತಾರಸಿಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬಾಗಿಲ ಹಲಗೆಗಳ ನಡುವೆ ಬೆರಳು ತೂರುತ್ತಿತ್ತು. ಎಷ್ಟು ಮುಚ್ಚಿದರೂ ಆ ಮನೆ ಪೂರ್ತಿ ಮುಚ್ಚುತ್ತಿರಲಿಲ್ಲ. ಇದೆಲ್ಲ ಆಮೇಲೆ ಯೋಚಿಸಿದ್ದು. ಆಗ ಅಂದುಕೊಂಡದ್ದು, ಸದ್ಯ, ಕೋಣೆ ಚೆನ್ನಾಗಿ ಬೆಚ್ಚಗಿದೆ ಎಂದಷ್ಟೇ.

ದೊಡ್ಡವಳಿಗೆ ತಲೆನೋವು ಶುರುವಾಯಿತು. ಬಚ್ಚಲಿಗೆ ಬಂದು ನೀರು ಹಾಕಿಸಿಕೊಳ್ಳುವಾಗ ಇರುವುದಿಲ್ಲ, ಮಲಗಿ ಸ್ವಲ್ಪ ಹೊತ್ತಿಗೆ ಶುರು. ಒಮ್ಮೆ ವಾಂತಿಯಾಯಿತು. "ತಲೇಗೆ ಚಲಿ ಏರೈತೆ," ಅಂದಳು ಅಕ್ಕ. ಅವಳ ಕಡೆ ಚಳಿಗೆ ಚಲಿ ಅಂತಲೇ ಅನ್ನುವುದು. ಹತ್ತಿ ಇನ್ನಷ್ಟು ತುರುಕಿದಳು. ಇನ್ನೊಂದು ಹೊದಿಕೆ ಹಾಕಿದಳು. ಬಾಂಡ್ಲಿಗೆ ಇನ್ನೂ ಎರಡು ಹಿಡಿ ಇದ್ದಿಲು ಬಿತ್ತು. ಆ ಕಥೆ ಕೇಳಿ ಹೆಚ್ಚು ದಿನವಾಗಿರಲಿಲ್ಲ. ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಅದು ಪರೀಕ್ಷೆಗೆ ಇದ್ದ ಕಥೆ, ಇದು ನಮ್ಮ ಮನೆ.

ಅವತ್ತು ನೀರು ಹಾಕಿ ಮಲಗಿಸಿದ ಮೇಲೆ ಅಕ್ಕ ಒಳಗೇ ಉಳಿದಳು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು. ಬಾಗಿಲು ಮುಚ್ಚಿತ್ತು. ಚಿಕ್ಕವಳು ಜಗುಲಿಯಲ್ಲಿ ಓದುತ್ತಿದ್ದಳು, ಕಾಲೇಜಿಗೆ ರಜೆ. ನಾನು ಅವರೆಕಾಳು ಹಿದುಕುತ್ತಿದ್ದೆ. ಊಟದ ಹೊತ್ತು ಮೀರುತ್ತಾ ಬಂತು. ಮಗು ಹಾಲಿಗೆ ಅಳುವ ಹೊತ್ತೂ ಮೀರಿತ್ತು. ಒಳಗೆ ಸದ್ದಿಲ್ಲ. ಪಾಪ, ಚೆನ್ನಾಗಿ ನಿದ್ದೆ ಮಾಡಲಿ ಎಂದು ನಾನು ತಟ್ಟೆಯ ಸದ್ದೂ ಆಗದ ಹಾಗೆ ಅನ್ನ ಕಲಸಿಕೊಂಡು ಹೋದೆ.

ಕೋಣೆಯೊಳಗೆ ಕತ್ತಲು, ಬಿಸಿ. ಮಂಚದ ಕೆಳಗೆ ಕೆಂಪಗೆ ಕೆಂಡ. ದೊಡ್ಡವಳ ಭುಜ ಮುಟ್ಟಿದೆ. ಕಣ್ಣು ಅರ್ಧ ತೆರೆದಳು, ನನ್ನನ್ನು ನೋಡಲಿಲ್ಲ.

"ಏಳವ್ವ, ಒಂದು ತುತ್ತು ಉಣ್ಣು."

"ತಲೆ ಸಿಡೀತೈತೆ," ಅಂದಳು. ಆ ಮಾತೂ ಪೂರ್ತಿ ಬರಲಿಲ್ಲ. ಕಣ್ಣು ಮುಚ್ಚಿಕೊಂಡವು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. "ನಂಗೂ ಯಾಕೋ ದಿಮ್ ಅಂತೈತೆ ಕಣೇ," ಅಂದಳು ನಿಧಾನವಾಗಿ. "ಬಿಸ್ಲಲ್ಲಿ ನಿಂತಿದ್ನಲ್ಲ ಬೆಳಗ್ಗೆ. ಹೋಗು, ಶುಂಠಿ ಕಷಾಯ ಇಕ್ಕು. ಬಾಗ್ಲು ಹಾಕ್ಕೊಂಡು ಹೋಗು."

ಬಾಗಿಲು ಹಾಕಿಕೊಂಡೇ ಹೋದೆ. ಅಡುಗೆಮನೆಗೆ ಬರುವಷ್ಟರಲ್ಲಿ ನನಗೂ ಹಣೆಯಲ್ಲಿ ಒಂದು ಭಾರ. ಶುಂಠಿ ಜಜ್ಜಲು ಹಿತ್ತಿಲ ಕಲ್ಲಿನ ಹತ್ತಿರ ಕೂತೆ. ಜಜ್ಜುತ್ತಾ ಜಜ್ಜುತ್ತಾ ಹಣೆಯ ಭಾರ ಇಳಿಯಿತು.

ಅಂಗಳಕ್ಕೆ ಬಂದರೆ ಸರಿಹೋಗುತ್ತದೆ.

ಗುಂಡುಕಲ್ಲು ಕೈಯಲ್ಲೇ ಇತ್ತು. ಮಗಳಿಗೆ ತಲೆನೋವು, ಅಕ್ಕನಿಗೆ ತಲೆನೋವು, ನನಗೆ ತಲೆನೋವು. ಮೂವರಿಗೂ ಒಂದೇ ಕೋಣೆಯಲ್ಲಿ ಬಂದದ್ದು. ಬಾಯಿಬಿಟ್ಟು ಹೇಳಲಾರದ್ದು ಒಂದೇ, ಅಕ್ಕನ ಕಾಲ ಮೇಲೆ ಮಲಗಿದ್ದದ್ದು.

ಆದರೂ ನಾನು ಕೂಡಲೇ ಓಡಲಿಲ್ಲ. ಕಾರಣ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ನಮ್ಮ ಚಿಕ್ಕಮ್ಮ ಬಾಣಂತಿಯಾಗಿ, ಮಳೆಗಾಳಿಯಲ್ಲಿ ಹೊರಗೆ ಕೂತು, ಸನ್ನಿ ಹಿಡಿದು ತೀರಿಕೊಂಡಳು. ಮೈ ಕೆಂಡವಾಗಿ, ಯಾರ ಯಾರದೋ ಹೆಸರು ಹಿಡಿದು ಬಡಬಡಿಸುತ್ತಿದ್ದಳು. ಬಾಗಿಲ ಸಂದಿಯಿಂದ ನಾನೂ ಅಕ್ಕನೂ ನೋಡಿದ್ದೆವು. ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ನಮಗೆ ಯಾರೋ ಹೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು. ಈಗ ನಾನು ಬಾಗಿಲು ತೆರೆದು ಮಗಳಿಗೆ ಸನ್ನಿ ಹಿಡಿದರೆ? ತೆರೆಯದೆ ಇದ್ದರೆ? ಎರಡು ಕಡೆಯಿಂದಲೂ ಭಯ ನನ್ನನ್ನು ಹಿಡಿದುಕೊಂಡಿತ್ತು. ಒಂದು ಕಡೆ ನಾನೇ ಕಂಡ ಸಾವು, ಇನ್ನೊಂದು ಕಡೆ ಮೊಬೈಲಿನಲ್ಲಿ ಬಂದ ಒಂದು ಪುಟದ ಕಥೆ.

ಜಗುಲಿಗೆ ಹೋದೆ.

"ಆ ಅಜ್ಜಿ ಕಥೆ ನಿಜವಾದ್ದೇನೇ?"

"ಯಾವ ಅಜ್ಜಿ?"

"ಇದ್ದಿಲು ಇಟ್ಟವಳು. ಕಿಟಕಿ ಮುಚ್ಚಿದವಳು. ನಿಜವಾಗಿ ನಡೆದದ್ದಾ, ಪರೀಕ್ಷೆಗೆ ಅಂತ ಕಟ್ಟಿದ್ದಾ?"

"ನಂಗೆಂಗೆ ಗೊತ್ತಮ್ಮ? ಅದನ್ನ ಅವರು ಕೇಳಿರಲ್ಲ," ಅಂದಳು. ಅಂದವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹಿಂದೆ ಮುಚ್ಚಿದ್ದ ಕೋಣೆಯ ಬಾಗಿಲು ನೋಡಿದಳು. ಮೊಬೈಲು ಅವಳ ಮಡಿಲಿನಿಂದ ನೆಲಕ್ಕೆ ಬಿತ್ತು.

ಬಾಗಿಲು ತಳ್ಳಿದಾಗ ಕೆಳಗೆ ಮಡಿಸಿಟ್ಟ ಸೀರೆ ಅಡ್ಡ ಸಿಕ್ಕಿ ಅರ್ಧಕ್ಕೇ ನಿಂತಿತು. ನಾನು ಭುಜ ಕೊಟ್ಟು ತಳ್ಳಿದೆ. ಬೆಳಕು ಒಳಗೆ ಬಿತ್ತು.

"ಏಮೇ, ಏನ್ ಮಾಡ್ತಿದ್ದೀಯೇ? ಮುಚ್ಚು," ಅಂದಳು ಅಕ್ಕ. ಗದರಿದಳು, ಆದರೆ ಗದರುವ ದನಿ ಇರಲಿಲ್ಲ.

"ಅಕ್ಕ, ಎಲ್ಲಾರೂ ಈಚೆಗೆ ಬರ್ಬೇಕು. ಏಳು."

"ಚಿಕ್ಕಮ್ಮನ್ನ ಮರ್ತ್‌ಬುಟ್ಯೇನೇ? ಗಾಳಿ ಸೋಕಿದ್ರೆ ಈ ಮಗೀಗೆ ತಾಯಿ ಉಳೀತಾಳೇನೇ? ಮುಚ್ಚು ಅಂದ್ರೆ ಮುಚ್ಚು." ಮಗುವನ್ನು ಪಕ್ಕಕ್ಕೆ ಮಲಗಿಸಿ ನನ್ನನ್ನು ತಡೆಯಲು ಏಳಹೋದಳು. ಏಳಲು ಆಗಲಿಲ್ಲ. ಗೋಡೆ ಹಿಡಿದುಕೊಂಡು ಅರ್ಧ ಎದ್ದು, ಅಲ್ಲೇ ಕುಸಿದಳು. ಅರವತ್ತು ದಾಟಿದರೂ ತುಂಬಿದ ಕೊಡ ಎರಡು ಹೊರುವ ಅಕ್ಕ. ತನ್ನ ಕಾಲುಗಳನ್ನು ತಾನೇ ಯಾರದೋ ಎಂಬಂತೆ ನೋಡಿಕೊಂಡಳು. ಆಮೇಲೆ ಎರಡೂ ಕೈಯಿಂದ ಮಗುವನ್ನು ಎತ್ತಿ ಮುಂದಕ್ಕೆ ಹಿಡಿದಳು.

ಚಿಕ್ಕವಳು ಮಗುವನ್ನು ತೆಗೆದುಕೊಂಡು ಓಡಿದಳು. ನಾನು ಗೋಣಿಚೀಲ ಕಿತ್ತು ಕಿಟಕಿ ಎಳೆದೆ. ಅದೇ ಚೀಲದಲ್ಲಿ ಬಾಂಡ್ಲಿ ಹಿಡಿದು ಹಿತ್ತಿಲಿಗೆ ಒಯ್ದು ಸುರಿದೆ. ದೊಡ್ಡವಳನ್ನು ಹೊದಿಕೆ ಸಮೇತ ಚಾಪೆಗೆ ಇಳಿಸಿ, ಚಾಪೆಯ ತುದಿ ಹಿಡಿದು ಜಗುಲಿಗೆ ಎಳೆದುಕೊಂಡು ಬಂದೆ. ಎಳೆಯುವಾಗಲೂ ಅವಳ ತಲೆಯ ಬಟ್ಟೆ ಸರಿಯಾಗಿದೆಯೇ, ಕಿವಿಯ ಹತ್ತಿ ಇದೆಯೇ ಎಂದು ನೋಡುತ್ತಿದ್ದೆ. ಹಳೆಯ ಭಯ ನನ್ನನ್ನು ಬಿಟ್ಟಿರಲಿಲ್ಲ.

ಮಗು ಬಿಸಿಲಿನಲ್ಲಿ ಚಿಕ್ಕವಳ ತೋಳಿನ ಮೇಲಿತ್ತು. ಕೈ ಎತ್ತಿ ಬಿಟ್ಟರೆ ಬಿದ್ದುಹೋಗುತ್ತಿತ್ತು. ಅಂಗಾಲು ತಟ್ಟಿದೆ. ಕೆನ್ನೆ ತಟ್ಟಿದೆ. ಅಳಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದರೆ ಉಸಿರು ಬರುತ್ತಿತ್ತು. ಆದರೆ ಬಂದದ್ದು ಉಸಿರೋ ಹೊರಗಿನ ಗಾಳಿಯೋ ಎಂದು ತಿಳಿಯಲಿಲ್ಲ. ಮತ್ತೆ ಹಿಡಿದೆ. ಮತ್ತೆ ಹಿಡಿದೆ.

ಎದುರು ಮನೆಯಲ್ಲಿ ಶಿರಾ ಕಡೆಯಿಂದ ಬಂದು ನೆಲೆಸಿದ ಆಟೋದವರಿದ್ದಾರೆ. ಊಟಕ್ಕೆ ಬಂದಿದ್ದವರು ಕೈ ತೊಳೆಯದೆ ಬಂದರು. ಬಾಣಂತಿಯನ್ನು ಹಿಂದಿನ ಸೀಟಿನಲ್ಲಿ ನನಗೆ ಒರಗಿಸಿ ಕೂರಿಸಿದೆವು. ಅಕ್ಕನನ್ನು ಅವರ ಹೆಂಡತಿ ಹಿಡಿದು ತಂದು ಪಕ್ಕಕ್ಕೆ ಕೂರಿಸಿದರು. ಮಗುವನ್ನು ಹಿಡಿದು ಚಿಕ್ಕವಳು ನನ್ನ ಕಾಲ ಹತ್ತಿರ ಮುದುರಿಕೊಂಡಳು. ನಾನು ಅಭ್ಯಾಸಬಲದಿಂದ ಆಟೋದ ಪಕ್ಕದ ಪರದೆ ಇಳಿಬಿಡಲು ಕೈ ಹಾಕಿದೆ.

"ಬ್ಯಾಡಮ್ಮ, ಪರದೆ ಬ್ಯಾಡ. ಗಾಳಿ ಬರ್ಲಿ," ಅಂದರು ಅವರು. "ಫಿಕರ್ ಮಾಡ್ಬೇಡಿ, ಬಂದೇ ಬಿಡ್ತು ಆಸ್ಪತ್ರೆ."

ಮಧುಗಿರಿ ದೊಡ್ಡ ಊರೇನಲ್ಲ. ಆದರೂ ಆ ದಾರಿ ಮುಗಿಯುವ ಹಾಗೆ ಕಾಣಲಿಲ್ಲ. ಹಂಪು ಬಂದಾಗಲೆಲ್ಲ ದೊಡ್ಡವಳ ತಲೆ ನನ್ನ ಹೆಗಲ ಮೇಲೆ ಅತ್ತ ಇತ್ತ ಹೊರಳುತ್ತಿತ್ತು. ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಮಗು ಒಂದು ದನಿ ಮಾಡಿತು. ಅಳು ಅನ್ನುವಂತಿರಲಿಲ್ಲ. ಬೆಕ್ಕಿನ ಮರಿ ಎಲ್ಲೋ ದೂರದಲ್ಲಿ ಕೂಗಿದ ಹಾಗೆ. ಚಿಕ್ಕವಳು ತಲೆ ಎತ್ತಿ ನನ್ನನ್ನು ನೋಡಿದಳು. ಇನ್ನೊಮ್ಮೆ ಕೂಗುತ್ತದೆ ಎಂದು ಇಬ್ಬರೂ ಕಾದೆವು. ಕೂಗಲಿಲ್ಲ.

ಡಾಕ್ಟರು ಹೆಣ್ಣುಮಗಳು, ನನ್ನ ದೊಡ್ಡವಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. "ರೂಮಲ್ಲಿ ಕೆಂಡ ಇಟ್ಟಿದ್ರಾ?" ಅಂದರು. ನಾನು ತಲೆಯಾಡಿಸಿದೆ. "ಕಿಟಕಿ?" ಮುಚ್ಚಿದ್ದೆವು ಎಂದು ಕೈಯಲ್ಲೇ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು. ಬೈಯಲೂ ಪುರಸೊತ್ತಿಲ್ಲದಷ್ಟು ಬೇಗ ನಡೆದುಹೋದರು. ಮೂವರಿಗೂ ಮೂಗು ಬಾಯಿ ಮೇಲೆ ಮುಚ್ಚಳ ಇಟ್ಟು ಆಕ್ಸಿಜನ್ ಹಾಕಿದರು. ಮಗುವಿನ ಮುಖಕ್ಕೆ ಆ ಮುಚ್ಚಳ ದೊಡ್ಡದಾಗಿ, ಕಣ್ಣು ಮಾತ್ರ ಮೇಲೆ ಉಳಿಯಿತು. ಅವೂ ಮುಚ್ಚಿದ್ದವು.

"ದೊಡ್ಡೋರಿಬ್ಬರೂ ಸುಧಾರಿಸ್ಕೋತಾರೆ. ಮಗೂನ ನೋಡ್ಬೇಕು," ಅಂದರು ಡಾಕ್ಟರು. "ಎಚ್ಚರ ಆಗಿ ತಾನಾಗೇ ಹಾಲು ಎಳೆದ್ರೆ ನನಗೆ ಹೇಳಿ ಕಳಿಸಿ."

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಬಾಗಿಲ ಗಾಜಿನಿಂದ ಮೂವರೂ ಕಾಣುತ್ತಿದ್ದರು. ಅಡುಗೆಮನೆಯಲ್ಲಿ ತೆರೆದಿಟ್ಟ ಅನ್ನ, ಅರ್ಧ ಹಿದುಕಿದ ಅವರೆ, ಹಾಕದೆ ಬಂದ ಬೀಗ ಒಂದೊಂದಾಗಿ ನೆನಪಾದವು. ನೆನಪಾಗಿ ಏನೂ ಅನಿಸಲಿಲ್ಲ. ಬೆರಳುಗಳಲ್ಲಿ ಇನ್ನೂ ಅವರೆಯ ಸೊಗಡು, ಅದರ ಮೇಲೆ ಇದ್ದಿಲ ಕಪ್ಪು. ಮಗು ಬಾಯಿ ಚಪ್ಪರಿಸಿತೇ ಎಂದು ನೋಡಲು ಎದ್ದು ಎದ್ದು ಹೋಗುತ್ತಿದ್ದೆ. ಇಲ್ಲ.

"ಆ ಹುಡುಗನಿಗೆ ಏನಾಯ್ತೇ ಕೊನೆಗೆ?" ಅಂತ ಚಿಕ್ಕವಳನ್ನು ಕೇಳಿದೆ.

ಅವಳಿಗೆ ಈ ಸಲ ಯಾವ ಹುಡುಗ ಎಂದು ಕೇಳಬೇಕಾಗಲಿಲ್ಲ. ಮೊಬೈಲು ತೆಗೆದು ಪಾಠ ಹುಡುಕಿದಳು. ಜಗುಲಿಯಲ್ಲಿ ಬಿದ್ದದ್ದಕ್ಕೆ ಗಾಜು ಸೀಳಿತ್ತು. ಬೆರಳಿನಿಂದ ಮೇಲೆ ಕೆಳಗೆ ಎಳೆದಳು.

"ಪಕ್ಕದ ಮನೆಯೋಳು ಕಿಟಕಿ ತೆಗೀತಾಳೆ. ಅಲ್ಲಿಗೇ ಮುಗೀತದೆ ಅಮ್ಮ."

"ಆಮೇಲೆ?"

"ಆಮೇಲೆ ಪ್ರಶ್ನೆ."

"ಹುಡುಗ ಬದುಕ್ದಾ ಇಲ್ವಾ ಅಂತ ಒಂದು ಸಾಲೂ ಇಲ್ವೇನೇ? ಸರಿಯಾಗಿ ನೋಡು."

ಅವಳು ಸರಿಯಾಗಿ ನೋಡಿದಳು. ಹಿಂದಿನ ಪುಟ ನೋಡಿದಳು, ಉತ್ತರದ ಪುಟ ನೋಡಿದಳು. ಇವೆಲ್ಲ ಯಾವುದೋ ದೊಡ್ಡ ಬರಹದಿಂದ ಇಷ್ಟೇ ಇಷ್ಟು ಕತ್ತರಿಸಿ ಹಾಕಿರುತ್ತಾರೆ, ಮಿಕ್ಕದ್ದು ಎಲ್ಲಿದೆಯೋ ಗೊತ್ತಾಗುವುದಿಲ್ಲ ಎಂದು ವಿವರಿಸಲು ನೋಡಿದಳು. ವಿವರಿಸುತ್ತಲೇ ಅತ್ತಳು. "ನಾನು ಅಜ್ಜಿ ಬೇಜವಾಬ್ದಾರಿಯೋಳು ಅಂತ ಹಾಕಿದ್ದೆ," ಅಂದಳು. ನಾನು ಅವಳ ತಲೆ ನೇವರಿಸಿದೆ.

ಚಿಕ್ಕವಳು ಫೋನು ಮಾಡಿದ್ದಕ್ಕೆ ಮನೆಯವರು ಕೊರಟಗೆರೆಯಿಂದ ಸಿಕ್ಕ ಬಸ್ಸು ಹಿಡಿದು ಬಂದರು. ಊಟದ ಡಬ್ಬಿ ಕೈಯಲ್ಲೇ ಇತ್ತು, ಚಿತ್ರಾನ್ನ ಹಾಗೇ ಇತ್ತು. ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತರು. "ನಾನೂ ಬೆಳಗ್ಗೆ ಹೋಗೋವಾಗ ನೋಡ್ದೆ," ಅಂದರು. "ಒಳ್ಳೆ ಬೆಚ್ಚಗೈತೆ ರೂಮು ಅಂದೆ."

ದೊಡ್ಡವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ಮಗುವನ್ನು. ಪಕ್ಕಕ್ಕೆ ಮಲಗಿಸಿದರು. ಮಗು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದರು. ತುಟಿಗೆ ಹಾಲು ಸವರಿದರೂ ಸುಮ್ಮನಿತ್ತು. ನರ್ಸು ನನ್ನನ್ನು ಹೊರಗೆ ಹೋಗಿ ಎಂದರು. ನಾನು ಹೋಗಲಿಲ್ಲ, ಅವರೂ ಎರಡನೇ ಸಲ ಹೇಳಲಿಲ್ಲ. ಅಕ್ಕ ಪಕ್ಕದ ಮಂಚದ ಮೇಲೆ ಮುಚ್ಚಳ ಹಾಕಿಕೊಂಡು ಇತ್ತಲೇ ನೋಡುತ್ತಾ ಮಲಗಿದ್ದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ಮುಚ್ಚಳದೊಳಗಿನಿಂದಲೇ ಅಂದಳು, "ನಾನೇ ಕಣೇ ಎರಡು ಹಿಡಿ ಜಾಸ್ತಿ ಹಾಕಿದ್ದು."

"ಅದನ್ನ ತಂದೋಳು ನಾನಲ್ವಾ? ಸುಮ್ಕಿರು."

"ಬೆಚ್ಚಗಿರ್ಲಿ ಅಂತ ಕಣೇ."

"ಗೊತ್ತು ಸುಮ್ಕಿರಕ್ಕ."

ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಮಗು ಮುಖ ಸಿಂಡರಿಸಿತು. ಕೈ ಮುಷ್ಟಿ ಮಾಡಿತು. ಎಲ್ಲರೂ ಹಾಗೇ ನಿಂತೆವು. ತಲೆಯನ್ನು ಒಂದು ಸಲ ಇತ್ತ, ಒಂದು ಸಲ ಅತ್ತ ಆಡಿಸಿ, ತಾನಾಗಿಯೇ ಹುಡುಕಿ ಬಾಯಿ ಹಾಕಿತು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಜೋರಾಗಿ. ಚೀಪುವ ಸದ್ದು ಕೇಳಿಸಿತು. ದೊಡ್ಡವಳಿಗೆ ನೋವಾಗಿರಬೇಕು, ಹಲ್ಲು ಕಚ್ಚಿದಳು, ನಕ್ಕಳು. ಚಿಕ್ಕವಳು ಡಾಕ್ಟರಿಗೆ ಹೇಳಲು ಓಡಿದಳು. ಮನೆಯವರು ಗೋಡೆಯ ಕಡೆ ತಿರುಗಿ ನಿಂತರು.

ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿ, ಇನ್ನು ಹೆದರುವಂಥದ್ದೇನಿಲ್ಲ, ಆದರೂ ನಾಳೆ ತನಕ ಇಲ್ಲೇ ಇರಿ ಅಂದರು. ನನ್ನ ಹೆದರಿಕೆ ಆ ಮಾತಿಗೆ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಯಾರ ಮನೆ ಬಾಣಂತಿಯನ್ನು ನೋಡಲು ಹೋದರೂ ಮೊದಲು ಮಂಚದ ಕೆಳಗೆ ಬಗ್ಗಿ ನೋಡುತ್ತೇನೆ, ಆಮೇಲೆ ಮಗುವನ್ನು ನೋಡುತ್ತೇನೆ. ಜನ ಏನಾದರೂ ಅಂದುಕೊಳ್ಳಲಿ.

ರಾತ್ರಿಗೆ ಮನೆಯವರು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಿಂದ ಇಡ್ಲಿ ತಂದರು. "ಅವಳಿಗೆ ಚಟ್ನಿ ಮುಟ್ಟಿಸ್ಬ್ಯಾಡಿ, ತೆಂಗಿನಕಾಯಿ ಐತೆ," ಅಂದಳು ಅಕ್ಕ ಮಲಗಿದಲ್ಲಿಂದಲೇ. ಆ ಗದರಿಕೆ ಕೇಳಿ ಜೀವ ಬಂತು. ದೊಡ್ಡವಳು ಎರಡು ಇಡ್ಲಿಯನ್ನು ಬಿಸಿನೀರಿನ ಜೊತೆ ತಿಂದಳು. ಅಕ್ಕ ಅರ್ಧ ತಿಂದು ಬಿಟ್ಟಳು. ನಾನೂ ಮನೆಯವರೂ ಬೆಳಗಿನ ಚಿತ್ರಾನ್ನವನ್ನು ಡಬ್ಬಿಯಿಂದಲೇ ಹಂಚಿಕೊಂಡೆವು, ಉಪ್ಪು ಕಮ್ಮಿಯಾಗಿತ್ತು. ಚಿಕ್ಕವಳು ಉಳಿದ ಇಡ್ಲಿಯನ್ನೆಲ್ಲ ತಿಂದಳು.

"ಕಿಟಕಿ ತೆಗ್ದೈತಾ?" ಅಂದಳು ಅಕ್ಕ.

"ತೆಗ್ದೈತೆ."

"ಇನ್ನೊಂಚೂರು ತೆಗಿ."

ಮೊದಲು ಮಲಗಿದ್ದು ಮಗು. ಹಾಲು ಕುಡಿಯುತ್ತಲೇ ಬಾಯಿ ಬಿಟ್ಟು ಕಣ್ಣು ಮುಚ್ಚಿತು. ಇದು ಬರೀ ನಿದ್ದೆ, ಎಬ್ಬಿಸಬೇಡಿ ಎಂದು ನರ್ಸು ಹೇಳಿ ಹೋದರು. ನಾವು ಎಬ್ಬಿಸಲಿಲ್ಲ. ಅಕ್ಕ ತನ್ನ ಮಂಚದಿಂದ, ನಾನು ಈ ಕಡೆ ಕೂತು, ಹೊದಿಕೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆವು.